ಶಿಗ್ಗಾಂವ ಸೀಮೆಯಲ್ಲಿ ನಾಲ್ಕು ದಿನ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಶಿಗ್ಗಾಂವ ಬರುತ್ತದೆ. ಇದರ ಸುತ್ತಲಿನ ಸವಣೂರ, ಹಾನಗಲ್ಲ, ಹಿರೇಕೆರೂರ ತಾಲೂಕುಗಳನ್ನು ಕೂಡಿಸಿಕೊಂಡರೆ ಕನ್ನಡ ನಾಡಿನ ಸಾವಿರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಬಸ್ಸಿನ ಅಳತೆಯೊಳಗೆ ಸಿಗುತ್ತದೆ. ರಾಷ್ಟ್ರಕೂಟರ ದಂಡನಾಯಕನ ಹೆಸರು ಹೊತ್ತ ಪಟ್ಟಣ, ಕದಂಬರ ಒಂದು ಶಾಖೆಯ ರಾಜಧಾನಿ, ನವಾಬರ ಊರು, ಕನಕದಾಸರು ಹುಟ್ಟಿದ ಹಳ್ಳಿ, ಶರೀಫರ ಗದ್ದುಗೆ, ಎಲ್ಲವೂ ಇಲ್ಲಿವೆ. ಆದರೂ ರಜೆಗೆ ಹೊರಟವರ ಗಾಡಿಗಳು ಹೆದ್ದಾರಿಯ ಬದಿಗೆ ಚಹಾಕ್ಕೆ ನಿಂತು ಮುಂದೆ ಸಾಗುತ್ತವೆ. ಇಲ್ಲಿಯ ಗುಡಿ ಕೋಟೆಗಳು ಒಂದೇ ಊರಿನಲ್ಲಿ ಗುಂಪಾಗಿಲ್ಲ, ಹೆದ್ದಾರಿಯಿಂದ ಕಣ್ಣಿಗೂ ಬೀಳುವುದಿಲ್ಲ. ಮೊದಲೇ ಲೆಕ್ಕ ಹಾಕಿಕೊಂಡು ಬಂದವರಿಗೆ ಮಾತ್ರ ಈ ಸೀಮೆ ದಕ್ಕುತ್ತದೆ.

ಪ್ರವಾಸದ ಲೆಕ್ಕವೆಂದರೆ ಸಾಮಾನ್ಯವಾಗಿ ಊರುಗಳ ಪಟ್ಟಿ ಎಂದೇ ತಿಳಿಯುವುದು ರೂಢಿ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆಗೆ ಇನ್ನೆರಡು. ಹಳೆಯ ಊರುಗಳಿಗೆ ಈ ಪದ್ಧತಿ ಒಗ್ಗುವುದಿಲ್ಲ. ಯಾವ ಸ್ಥಳವನ್ನು ಯಾವ ಹೊತ್ತಿನಲ್ಲಿ, ಯಾವ ಬೆಳಕಿನಲ್ಲಿ, ಯಾವ ಹಂಗಾಮಿನಲ್ಲಿ ನೋಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಎಷ್ಟು ಸ್ಥಳ ಎಂಬುದು ಆಮೇಲಿನ ಮಾತು. ಇದಕ್ಕೆ ಹಳೆಯದೊಂದು ಮಾದರಿ ನಮ್ಮ ನೆರೆಯಲ್ಲೇ ಇದೆ. ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಪೋರ್ತುಗೀಜ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಆತ ಅಘೋರೇಶ್ವರ ಗುಡಿಯನ್ನು ನೋಡಿ ಸುಮ್ಮನಾಗದೆ, ಕಂಡ ಹಬ್ಬ, ಮೆರವಣಿಗೆ, ಉಡುಗೆ, ಊಟಗಳನ್ನು ತನ್ನ ನಾಡಿನ ಗೆಳೆಯನಿಗೆ ಪತ್ರದಲ್ಲಿ ವಿವರಿಸಿದ. ನಾಲ್ಕು ನೂರು ವರ್ಷಗಳ ಮೇಲೂ ಆ ಪತ್ರಗಳು ಇಕ್ಕೇರಿಯ ಬಗ್ಗೆ ಸಿಗುವ ಅತ್ಯುತ್ತಮ ಸಾಕ್ಷಿಗಳಲ್ಲಿ ಸೇರಿವೆ. ಒಂದೇ ಊರಿಗೆ ಸಾಕಷ್ಟು ಹೊತ್ತು ಕೊಟ್ಟದ್ದರಿಂದ ಬಂದ ಫಲ ಅದು.

ಹಂಗಾಮಿನ ಪ್ರಶ್ನೆ ಈ ಸೀಮೆಯಲ್ಲಿ ಅಷ್ಟು ಸರಳವಲ್ಲ. ಹಾನಗಲ್ಲ ತಾಲೂಕು ಮಲೆನಾಡಿನ ಅಂಚು. ಭತ್ತದ ಗದ್ದೆ, ಮಾವಿನ ತೋಟ, ಕೆರೆಗಳ ನಾಡು. ಸವಣೂರ ಕಡೆ ಹೋದಂತೆ ಮಳೆ ಕಡಿಮೆಯಾಗಿ ಬಯಲುಸೀಮೆ ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಗುಡಿಯ ಅಂಗಳದ ಹಾಸುಗಲ್ಲು ಮಧ್ಯಾಹ್ನಕ್ಕೆ ಕಾದು ಬರಿಗಾಲು ಇಡಲಾಗದಂತಾಗುತ್ತದೆ. ಮುದುಕರು, ಮಕ್ಕಳು ಜೊತೆಗಿದ್ದರೆ ಏಪ್ರಿಲ್, ಮೇ ತಿಂಗಳು ಬೇಡ. ನವಿಲು ಕುಣಿಯುವುದನ್ನು ನೋಡಬೇಕೆನ್ನುವವರು ಮುಂಗಾರಿನ ಆರಂಭಕ್ಕೆ ಬರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡುನವಿಲು ತನ್ನ ಉದ್ದನೆಯ ಗರಿಗಳನ್ನು ಉದುರಿಸಿಬಿಟ್ಟಿರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಬಂದವರು ನವಿಲನ್ನು ಕಂಡರೂ ಜಾಗರವನ್ನು ಕಾಣುವುದಿಲ್ಲ. ಗುಡಿಗಳಿಗೆ ಮಾತ್ರ ಅಕ್ಟೋಬರದಿಂದ ಫೆಬ್ರುವರಿಯವರೆಗಿನ ತಿಳಿ ಬಿಸಿಲೇ ಸರಿ. ಮಕ್ಕಳಿಗೆ ದಸರೆಯ ಸೂಟಿ ಇರುವ ಅಕ್ಟೋಬರ ಎಲ್ಲದರ ನಡುವಣ ದಾರಿ: ಕೆರೆಗಳು ತುಂಬಿರುತ್ತವೆ, ಹೊಲ ಹಸಿರಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ದೀಪಾವಳಿಯ ಬಲಿಪಾಡ್ಯದಿಂದ ಹಳ್ಳಿಹಳ್ಳಿಗಳಲ್ಲಿ ಹೋರಿ ಹಬ್ಬ ಶುರುವಾಗುತ್ತದೆ. ಕೊಬ್ಬರಿ ಸರ, ಬಲೂನು, ಜೂಲು ತೊಟ್ಟ ಹೋರಿಗಳನ್ನು ಓಡಬಿಟ್ಟು ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ನೋಡುವವರು ಅಖಾಡದ ಒಳಗೆ ಇಳಿಯದೆ ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ನಿಲ್ಲುವುದು ಕ್ಷೇಮ. ಪ್ರತಿ ವರ್ಷ ಪೆಟ್ಟು ತಿನ್ನುವವರು ಇದ್ದಾರೆ.

ತಂಗುವುದಕ್ಕೆ ಶಿಗ್ಗಾಂವ ಅನುಕೂಲದ ನಡುನೆಲೆ. ದೊಡ್ಡ ಹೋಟೆಲಿನ ಸೌಕರ್ಯ ಬೇಕಾದವರು ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಉಳಿಯಬಹುದು. ಆದರೆ ಅಲ್ಲಿಂದ ದಿನವೂ ಬಂದು ಹೋಗುವುದಾದರೆ ಈ ಪ್ರವಾಸದ ಬಹು ಮುಖ್ಯವಾದ ಎರಡು ಹೊತ್ತು, ನಸುಕು ಮತ್ತು ಇಳಿಸಂಜೆ, ರಸ್ತೆಯಲ್ಲೇ ಕಳೆದುಹೋಗುತ್ತವೆ. ರೈಲಿನಲ್ಲಿ ಬರುವವರಿಗೆ ಹುಬ್ಬಳ್ಳಿ ಮತ್ತು ಹಾವೇರಿ ನಿಲ್ದಾಣಗಳು ಅನುಕೂಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ತಾಲೂಕು ಊರುಗಳ ನಡುವೆ ಓಡಾಡುತ್ತವೆ. 2023ರ ಜೂನ್ ತಿಂಗಳಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಹಣವಿಲ್ಲ. ಗುರುತಿನ ಚೀಟಿ ಜೊತೆಗಿರಬೇಕು. ಬಂಕಾಪುರದ ಕೋಟೆ, ಬಾಡ, ಶಿಶುನಾಳದಂಥ ಒಳದಾರಿಯ ಸ್ಥಳಗಳಿಗೆ ಒಂದು ದಿನದ ಮಟ್ಟಿಗೆ ಬಾಡಿಗೆ ಗಾಡಿ ಮಾಡಿಕೊಂಡರೆ ಹೊತ್ತು ಉಳಿಯುತ್ತದೆ. ಊಟಕ್ಕೆ ಖಾನಾವಳಿಗಳಿವೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಸಿಗುತ್ತವೆ. ಹಳ್ಳಿಯ ಕಡೆ ಹೋಗುವ ದಿನ ಬುತ್ತಿ ಕಟ್ಟಿಸಿಕೊಂಡು ಹೋಗುವುದು ಲೇಸು. ಗರ್ಭಗುಡಿಗಳ ಒಳಗೆ ಬೆಳಕು ಕಡಿಮೆ, ಆದ್ದರಿಂದ ಒಂದು ಬ್ಯಾಟರಿ ಜೊತೆಗಿರಲಿ.

ಮೊದಲನೆಯ ದಿನ ದಣಿವಿನ ದಿನ, ಅದನ್ನು ಹಗುರವಾಗಿಯೇ ಕಳೆಯಬೇಕು. ಹೆದ್ದಾರಿಯ ಮೇಲಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಒಕ್ಕಲುತನ, ಕುಶಲಕರ್ಮ, ಸಂತೆ, ಮನೆವಾರ್ತೆ ಹೀಗೆ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ಇಲ್ಲಿ ನಿಲ್ಲಿಸಿದ್ದಾರೆ. ಕಪಿಲೆ, ಗಾಣಗಳನ್ನು ಕಾಣದೆ ಬೆಳೆದ ಮಕ್ಕಳಿಗೆ ಇದು ಪುಸ್ತಕಕ್ಕಿಂತ ಒಳ್ಳೆಯ ಪಾಠ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಗೊಟಗೋಡಿಯಲ್ಲಿದೆ.

ಸಂಜೆಯನ್ನು ಶಿಶುನಾಳಕ್ಕೆ ಮೀಸಲಿಡಬೇಕು. ಸಂತ ಶರೀಫರು 1819ರ ಜುಲೈ 3ರಂದು ಈ ಶಿಶುವಿನಹಾಳದಲ್ಲಿ ಹುಟ್ಟಿ, 1889ರ ಜುಲೈ 3ರಂದೇ ದೇಹ ಬಿಟ್ಟರು. ತಂದೆ ಇಮಾಮ ಸಾಹೇಬರು ಹುಲಗೂರಿನ ಖಾದರಿ ಶಾಹರ ಭಕ್ತರು. ಮಗ ಗುರುವೆಂದು ಹಿಡಿದದ್ದು ಕಳಸದ ಗೋವಿಂದಭಟ್ಟರ ಪಾದ. ಶರೀಫರ ಗದ್ದುಗೆಗೆ ಇಂದಿಗೂ ಹಿಂದೂಗಳು, ಮುಸಲ್ಮಾನರು ಇಬ್ಬರೂ ತಮ್ಮ ತಮ್ಮ ಪದ್ಧತಿಯಂತೆ ನಡೆದುಕೊಳ್ಳುತ್ತಾರೆ. ತತ್ವಪದಗಳನ್ನು ಮೊದಲೇ ಕೇಳಿ ಬಂದವರಿಗೆ ಈ ಊರು ಹೆಚ್ಚು ಹೇಳುತ್ತದೆ. ಗಿರಣಿ, ಕೋಳಿ, ಸೋರುವ ಮಾಳಿಗೆ, ಹೊಲದ ಬದು, ಆ ಪದಗಳಲ್ಲಿ ಬರುವ ಎಲ್ಲವೂ ಈ ನೆಲದ ದಿನಬಳಕೆಯ ವಸ್ತುಗಳೇ.

ಎರಡನೆಯ ದಿನ ಕತ್ತಲಿರುವಾಗಲೇ ಎದ್ದು ಬಂಕಾಪುರಕ್ಕೆ ಹೋಗಬೇಕು. ಊರಿಗೆ ಹೆಸರು ಬಂದದ್ದು ಬಂಕೇಯನಿಂದ. ಆತ ಚೆಲ್ಲಕೇತನ ಮನೆತನದವನು, ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕ. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇದೇ ಊರಿನಲ್ಲಿ ಪೂಜೆ ಸಂದಿತು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿದ್ದರು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೂ ಕವಿ ರನ್ನನಿಗೂ ಅವರೇ ಗುರು. ಗಂಗರ ಅರಸ ಮಾರಸಿಂಹ ರಾಜ್ಯ ತೊರೆದು, 974ರ ಸುಮಾರಿಗೆ, ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟದ್ದು ಇದೇ ಬಂಕಾಪುರದಲ್ಲಿ. ಹೊಯ್ಸಳ ವಿಷ್ಣುವರ್ಧನನೂ ಇದನ್ನು ತನ್ನ ನೆಲೆವೀಡು ಮಾಡಿಕೊಂಡಿದ್ದ, ಕೊನೆಯುಸಿರೆಳೆದದ್ದೂ ಇಲ್ಲಿಯೇ. ಸಾಹಿತ್ಯ, ಧರ್ಮ, ರಾಜಕಾರಣ ಮೂರೂ ಹೀಗೆ ಒಂದೆಡೆ ಕೂಡಿದ ಊರು ಉತ್ತರ ಕರ್ನಾಟಕದಲ್ಲಿ ಹೆಚ್ಚಿಲ್ಲ. ಶಾಲೆಯ ಪುಸ್ತಕಗಳಲ್ಲಿ ಇದರ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುವುದು ನ್ಯಾಯವಲ್ಲ.

ಕೋಟೆಯ ಒಳಗೆ ಇಂದು ಊರಿಲ್ಲ. ಸುಮಾರು 139 ಎಕರೆ ಆವರಣದಲ್ಲಿ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ, ದನಗಳಿಗಾಗಿ ಬೆಳೆಸಿದ ಮೇವಿದೆ, ಕುರುಚಲು ಗಿಡಗಳಿವೆ, ಕಂದಕವಿದೆ. ಮೇವಿನ ಹೊಲದ ಕಾಳು, ಸಗಣಿಯಲ್ಲಿನ ಹುಳ, ಜನರ ಕಾಟವಿಲ್ಲದ ಪೊದೆ ಇವೆಲ್ಲ ನವಿಲಿಗೆ ಬೇಕಾದವು. ದನಗಳಿಗಾಗಿ ಕಾದಿಟ್ಟ ನೆಲದಲ್ಲಿ ನವಿಲುಗಳು ತಾವಾಗಿಯೇ ಹೆಚ್ಚಿದವು. 2006ರಲ್ಲಿ ಇದು ನವಿಲುಧಾಮವೆಂದು ಘೋಷಣೆಯಾಯಿತು. ಸೂರ್ಯ ಮೂಡುವ ಮುಂಚೆ ಹಾಗೂ ಹೊತ್ತು ಇಳಿಯುವಾಗ ಅವು ಬಯಲಿಗೆ ಬರುತ್ತವೆ. ಬಿಸಿಲೇರಿದ ಮೇಲೆ ಪೊದೆ ಸೇರುತ್ತವೆ. ಹತ್ತು ಗಂಟೆಗೆ ಕಾರಿನಿಂದ ಇಳಿದು ನವಿಲೇ ಇಲ್ಲವೆಂದು ಬೇಸರದಿಂದ ಹೋಗುವವರು ತಪ್ಪಿದ್ದು ಸ್ಥಳವನ್ನಲ್ಲ, ವೇಳೆಯನ್ನು. ಗದ್ದಲ ಮಾಡದೆ, ಬಣ್ಣದ ಬಟ್ಟೆ ಬೀಸದೆ, ಒಂದೆಡೆ ನಿಂತು ನೋಡಬೇಕು. ಬಿದ್ದ ಗರಿಯನ್ನು ಬಿದ್ದಲ್ಲೇ ಬಿಡುವುದು ಒಳ್ಳೆಯದು.

ಇದೇ ಕೋಟೆಯೊಳಗೆ ನಗರೇಶ್ವರ ಗುಡಿಯಿದೆ. ಊರವರ ಬಾಯಲ್ಲಿ ಇದು ಅರವತ್ತು ಕಂಬದ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪ ಪದ್ಧತಿಯಲ್ಲಿ ಕಡೆದ ಕಂಬಗಳು ಮಂಟಪದ ತುಂಬ ನಿಂತಿವೆ. ಇಂದಿನ ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವುದರಿಂದ ಹತ್ತಿರ ಹೋಗುವವರೆಗೂ ಗುಡಿಯ ಅಂದಾಜು ಸಿಗುವುದಿಲ್ಲ. ಮುಂಜಾನೆಯ ಓರೆ ಬಿಸಿಲು ಕಂಬಗಳ ನಡುವೆ ಹಾದು ಬರುವಾಗ ಚರಕಿಗೆ ಹಚ್ಚಿ ತಿರುವಿದ ಕಲ್ಲಿನ ಒಂದೊಂದು ಉಂಗುರವೂ ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಕಂಬ ಮಂಕಾಗಿರುತ್ತದೆ. 1570ರ ದಶಕದಲ್ಲಿ ಬಿಜಾಪುರದ ಅಲಿ ಆದಿಲಶಾಹನ ಸೈನ್ಯ ಕೋಟೆಯನ್ನು ಗೆದ್ದಾಗ ಗುಡಿಗೆ ಪೆಟ್ಟು ಬಿತ್ತು. ಕೋಟೆಯನ್ನು ನೋಡುವ ಬಗೆಗೆ ದೂರದ ಮಾದರಿಯೊಂದಿದೆ: ಇಟಲಿಯ ಲುಕ್ಕಾ ಎಂಬ ಹಳೆಯ ಪಟ್ಟಣದ ಸುತ್ತ ನಾಲ್ಕು ಕಿಲೋಮೀಟರಿಗೂ ಮಿಕ್ಕ ಕೋಟೆಗೋಡೆ ಇಡಿಯಾಗಿ ಉಳಿದಿದೆ. ಅದರ ಮೇಲೆ ಮರ ನೆಟ್ಟು, ನಡೆದಾಡುವ ದಾರಿ ಮಾಡಿದ್ದಾರೆ. ಬಂದವರು ಮೊದಲು ಗೋಡೆಯ ಮೇಲೆ ಒಂದು ಸುತ್ತು ಹಾಕಿ ಆಮೇಲೆ ಊರೊಳಗೆ ಇಳಿಯುತ್ತಾರೆ. ಬಂಕಾಪುರದಲ್ಲಿ ಅಂಥ ದಾರಿ ಇಲ್ಲ. ಆದರೂ ಬಾಗಿಲಿಂದ ನೇರ ಗುಡಿಗೆ ಹೋಗದೆ, ಕಂದಕದ ಬದಿಗೆ ಸ್ವಲ್ಪ ದೂರ ನಡೆದರೆ ಕೋಟೆಯ ಹರವು ಮನಸ್ಸಿಗೆ ಹತ್ತುತ್ತದೆ.

ಬಂಕಾಪುರದಿಂದ ಬಾಡ ದೂರವಿಲ್ಲ. ಬೀರಪ್ಪ, ಬಚ್ಚಮ್ಮ ದಂಪತಿಯ ಮಗ ತಿಮ್ಮಪ್ಪ ನಾಯಕ ಇಲ್ಲಿ ಹುಟ್ಟಿ ಮುಂದೆ ಕನಕದಾಸನಾದ. ತಂದೆ ಬಂಕಾಪುರ ಪ್ರಾಂತದ ಡಣ್ಣಾಯಕನಾಗಿದ್ದನೆಂಬುದು ಪರಂಪರೆಯ ಮಾತು. ಹಳೆಯ ಅವಶೇಷಗಳು ಸಿಕ್ಕ ಜಾಗದಲ್ಲಿ ಈಗ ಅರಮನೆಯೊಂದನ್ನು ಹೊಸದಾಗಿ ಕಟ್ಟಿ ಕನಕದಾಸರ ಜೀವನ ಪ್ರಸಂಗಗಳನ್ನು ತೋರಿಸಿದ್ದಾರೆ. ಕಟ್ಟಡ ಹೊಸದು ಎಂಬುದನ್ನು ಮಕ್ಕಳಿಗೆ ಹೇಳಿಯೇ ಒಳಗೆ ಕರೆದೊಯ್ಯಬೇಕು. ಮೋಹನತರಂಗಿಣಿಯಲ್ಲಿ ಪೇಟೆ ಬೀದಿಗಳನ್ನು ಅಷ್ಟು ಸೊಗಸಾಗಿ ಬಣ್ಣಿಸಿದ, ರಾಮಧಾನ್ಯಚರಿತೆಯಲ್ಲಿ ರಾಗಿಯನ್ನು ಅಕ್ಕಿಗೆ ಎದುರಾಗಿ ನಿಲ್ಲಿಸಿದ ಕವಿ ಅಧಿಕಾರದ ಮನೆಯಿಂದ ಬಂದವನು ಎಂಬುದು ಇಲ್ಲಿ ನಿಂತಾಗ ಹೆಚ್ಚು ನೆನಪಾಗುತ್ತದೆ. ಅವರ ಆರಾಧ್ಯದೈವ ಆದಿಕೇಶವನ ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲಿದೆ. ಅದಕ್ಕೆ ಬೇರೆಯೇ ಅರ್ಧ ದಿನ ಬೇಕು.

ಮಧ್ಯಾಹ್ನದ ಊಟ ಮುಗಿಸಿ ಸವಣೂರಿಗೆ ಹೊರಡಬಹುದು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿದ ಮೇಲೆ ಪಠಾಣ ಸರದಾರ ಅಬ್ದುಲ್ ರವೂಫ್ ಖಾನನಿಗೆ ಈ ಭಾಗ ಜಹಗೀರಾಗಿ ದೊರೆಯಿತು. ಅಲ್ಲಿಂದ ನವಾಬರ ಆಳ್ವಿಕೆ, ಮರಾಠರ ಮತ್ತು ಮೈಸೂರಿನವರ ನಡುವೆ ಸಿಕ್ಕು ಕುಗ್ಗುತ್ತ ಕುಗ್ಗುತ್ತ, 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ನಡೆಯಿತು. ಅದೇ ನವಾಬರ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನವೂ ಇದೆ. ಅವರು ಬೃಂದಾವನಸ್ಥರಾದದ್ದು 1783ರಲ್ಲಿ. ಜ್ಞಾನಪೀಠ ಪ್ರಶಸ್ತಿ ಪಡೆದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಸವಣೂರಿಗೆ ಹೋದವರು ನೋಡಲೇಬೇಕಾದವು ದೊಡ್ಡಹುಣಸೆ ಕಲ್ಮಠದ ಮರಗಳು. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕಾದ ಬಾವೋಬಾಬ್. ಹಣ್ಣಿನ ತಿರುಳು ಹುಳಿಯಾಗಿರುವುದರಿಂದ ಈ ಹೆಸರು ಬಂದಿದೆ. ಶ್ರೀಕೃಷ್ಣ ತಂದು ನೆಟ್ಟದ್ದೆಂದು ಊರಿನ ನಂಬಿಕೆ. ಅರಬ್ ವ್ಯಾಪಾರಿಗಳ ಕೈಯಲ್ಲಿ ಸಮುದ್ರ ದಾಟಿ ಬಂದಿರಬಹುದೆಂದು ಸಸ್ಯಶಾಸ್ತ್ರ ಬಲ್ಲವರ ಊಹೆ. ಕಾಂಡ ಎಷ್ಟು ದಪ್ಪವೆಂದರೆ ಹಲವರು ಕೈಕೈ ಹಿಡಿದು ನಿಂತರೆ ಮಾತ್ರ ಸುತ್ತು ಪೂರ್ತಿಯಾಗುತ್ತದೆ. ಈ ಮರ ಮಳೆಯ ನೀರನ್ನು ತನ್ನ ಮೆತ್ತನೆಯ ಕಾಂಡದಲ್ಲಿ ಕೂಡಿಟ್ಟುಕೊಂಡು ಒಣ ತಿಂಗಳುಗಳನ್ನು ಕಳೆಯುತ್ತದೆ, ಆಗ ಎಲೆಯನ್ನೂ ಉದುರಿಸುತ್ತದೆ. ದೊಡ್ಡ ಬಿಳಿಯ ಹೂವು ಮಳೆಗಾಲದಲ್ಲಿ, ಅದೂ ಸಂಜೆಯ ಮೇಲೆ ಅರಳುತ್ತದೆ. ಬಾವಲಿಗಳು ಪರಾಗ ಸಾಗಿಸುತ್ತವೆ, ಮರುದಿನಕ್ಕೆ ಹೂವು ಬಾಡುತ್ತದೆ. ಆದ್ದರಿಂದ ಎಲೆಯ ಗುಡಾರದಡಿ ನಿಲ್ಲಬೇಕೆನ್ನುವವರಿಗೆ ಜೂನ್‌ನಿಂದ ಅಕ್ಟೋಬರ ಸರಿ. ಮರದ ಮೈಕಟ್ಟು ನೋಡಬೇಕೆನ್ನುವವರಿಗೆ ಬೋಳಾದ ಬೇಸಿಗೆಯೇ ಮೇಲು. ಇದ್ದ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಅದನ್ನು ಕೊಂಬೆ ಕತ್ತರಿಸಿ, ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಒಂದು ಮರಕ್ಕಾಗಿ ಒಂದು ಊರು ಇಷ್ಟು ಶ್ರಮಪಟ್ಟದ್ದು ಮೆಚ್ಚತಕ್ಕದ್ದು. ಬುಡದ ಸುತ್ತಲಿನ ಮಣ್ಣನ್ನು ತುಳಿದು ಗಟ್ಟಿ ಮಾಡದಿರುವುದು, ತೊಗಟೆಯ ಮೇಲೆ ಹೆಸರು ಕೊರೆಯದಿರುವುದು ನೋಡಬಂದವರ ಪಾಲಿನ ಕೆಲಸ. ಮರಳುವಾಗ ಸವಣೂರ ಖಾರಾ ಮತ್ತು ಎಲೆ ಕಟ್ಟಿಸಿಕೊಳ್ಳುವುದು ವಾಡಿಕೆ. ಇಲ್ಲಿಯ ವೀಳ್ಯದೆಲೆಗೆ ದೂರದ ಊರುಗಳಲ್ಲೂ ಬೇಡಿಕೆಯಿದೆ.

ಮೂರನೆಯ ದಿನ ಪೂರ್ತಿಯಾಗಿ ಹಾನಗಲ್ಲಿಗೆ ಸಲ್ಲಬೇಕು. ಶಾಸನಗಳಲ್ಲಿ ಇದು ಪಾನುಂಗಲ್ಲು. ಪಾನುಂಗಲ್ಲು ಐನೂರು ಮತ್ತು ಬನವಾಸಿ ಹನ್ನೆರಡು ಸಾವಿರ ಪ್ರಾಂತಗಳನ್ನು ಕದಂಬರ ಒಂದು ಶಾಖೆ ಚಾಲುಕ್ಯರ ಮಾಂಡಲಿಕರಾಗಿ ಇಲ್ಲಿಂದ ಆಳಿತು. ಮಹಾಭಾರತದ ವಿರಾಟನಗರ ಇದೇ ಎಂಬುದು ಜನರ ನಂಬಿಕೆ; ಕುಂತಿಯ ದಿಬ್ಬವೆಂಬ ಜಾಗವನ್ನೂ ತೋರಿಸುತ್ತಾರೆ. ಊರ ಬದಿಗೆ ಹರಿಯುವ ಧರ್ಮಾ ನದಿ ಮುಂದೆ ವರದೆಯನ್ನು ಸೇರುತ್ತದೆ.

ತಾರಕೇಶ್ವರ ಗುಡಿ ಹನ್ನೆರಡನೆಯ ಶತಮಾನದ ಚಾಲುಕ್ಯ ಶಿಲ್ಪದ ದೊಡ್ಡ ಸಾಧನೆ. ಒಳಗೆ ಕಾಲಿಟ್ಟವರು ಮೊದಲು ಕುತ್ತಿಗೆ ಎತ್ತಬೇಕು. ಮಂಟಪದ ನೆತ್ತಿಯಲ್ಲಿ ಕಲ್ಲಿನ ಬಳೆಗಳು ಒಂದರ ಮೇಲೊಂದು ಕಿರಿದಾಗುತ್ತ ಏರಿ, ನಡುವೆ ಕೆಳಮುಖವಾಗಿ ತೂಗುವ ಕಮಲವಾಗಿ ಕೂಡುತ್ತವೆ. ರೋಮಿನ ಪ್ಯಾಂಥಿಯನ್ ಗುಮ್ಮಟವೂ ವೃತ್ತಾಕಾರದ್ದೇ, ಅದರ ಅಗಲ 43 ಮೀಟರು. ಆದರೆ ಅದು ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ ಬೆರೆಸಿದ ಗಾರೆಯನ್ನು ಎರಕ ಹೊಯ್ದು ಮಾಡಿದ್ದು. ಹಾನಗಲ್ಲಿನ ಶಿಲ್ಪಿಗಳು ಗಾರೆಯನ್ನೂ ಕಮಾನನ್ನೂ ನೆಚ್ಚಲಿಲ್ಲ. ಒಂದು ವರಸೆಯ ಕಲ್ಲನ್ನು ಕೆಳಗಿನ ವರಸೆಗಿಂತ ತುಸು ಮುಂದಕ್ಕೆ ಚಾಚಿ, ಮೇಲಿನ ಭಾರದಿಂದಲೇ ಅದನ್ನು ಹಿಡಿದು ನಿಲ್ಲಿಸಿ, ಹೀಗೆ ವರಸೆ ವರಸೆಯಾಗಿ ಬಯಲನ್ನು ಮುಚ್ಚಿದರು. ಅಳತೆಯಲ್ಲಿ ಚಿಕ್ಕದಾದರೂ ಭಾರವನ್ನು ತೂಗಿಸಿದ ಜಾಣ್ಮೆಯಲ್ಲಿ ಇದು ಯಾವ ನಾಡಿನ ಕೆಲಸಕ್ಕೂ ಕಡಿಮೆಯಲ್ಲ. ಕಣ್ಣು ಒಳಗಿನ ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ನೆಲದ ಮೇಲೆ ಕುಳಿತು, ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು, ಕೆಳಗಿನ ಬಳೆಯಿಂದ ಮೇಲಕ್ಕೆ ಒಂದೊಂದಾಗಿ ನೋಡುವುದು ಕ್ರಮ.

ಊರಿನ ವೀರಗಲ್ಲುಗಳಿಗೂ ಹೊತ್ತು ಕೊಡಬೇಕು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಕಾದಿ ಮಡಿದ, ಆ ಸಲ ಬಲ್ಲಾಳ ಹಿಂದೆ ಸರಿಯಬೇಕಾಯಿತು. ಆ ಕಾಳಗವನ್ನು ಕಡೆದ ವೀರಗಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲು ಕಾಣುತ್ತದೆ. ಕಾಳಗ ನಡೆದ ಆನೆಕೆರೆ ಇಂದಿಗೂ ಇದೆ. ಗುಡಿ ನೋಡಿದ ಮೇಲೆ ಇಳಿಹೊತ್ತಿನಲ್ಲಿ ಕೆರೆಯ ಏರಿಯ ಮೇಲೆ ನಡೆದರೆ ಕಲ್ಲಿನಲ್ಲಿ ಕಂಡದ್ದು ನೆಲದ ಮೇಲೆ ಗುರುತು ಸಿಗುತ್ತದೆ. ಬಿಲ್ಲೇಶ್ವರ ಗುಡಿ ಚಿಕ್ಕದು, ಒಳ್ಳೆಯದು. ತಾಲೂಕಿನ ನರೇಗಲ್ಲಿನಲ್ಲಿ ಸರ್ವೇಶ್ವರ ಗುಡಿಯೂ ಇದೆ.

ಹಾನಗಲ್ಲ ತಾಲೂಕಿಗೆ ಇನ್ನೊಂದು ಹಿರಿಮೆ ಸಂಗೀತದ್ದು. ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಇಲ್ಲಿಯ ವಿರಕ್ತಮಠದವರು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಹುಡುಗನನ್ನು ಕರೆತಂದು ಸಂಗೀತ ಕಲಿಕೆಗೆ ಏರ್ಪಾಡು ಮಾಡಿದವರು ಅವರೇ; ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ ದೇವಗಿರಿಯೂ ಇದೇ ತಾಲೂಕಿನದು. ಗಾಯಕಿ ಗಂಗೂಬಾಯಿ ಹಾನಗಲ್ಲರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರೂ ಅವರ ಹೆಸರಿನ ಜೊತೆ ಹಾನಗಲ್ಲ ದೇಶದ ತುಂಬ ಓಡಾಡಿತು. ಹಾನಗಲ್ಲಿಗೆ ಬರುವ ಮುನ್ನ ಈ ಮೂವರ ಹಾಡಿಕೆಯಲ್ಲಿ ಒಂದನ್ನಾದರೂ ಮನೆಯಲ್ಲಿ ಕೇಳಿಕೊಂಡು ಬರಬೇಕು. ಪ್ರವಾಸದ ಸಿದ್ಧತೆಯಲ್ಲಿ ಅದೂ ಸೇರಿದ್ದು.

ನಾಲ್ಕನೆಯ ದಿನ ಉಳ್ಳವರು ಹಿರೇಕೆರೂರ ಕಡೆ ಹೋಗಬಹುದು. ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ 1200ರ ಸುಮಾರಿನ ದೊಡ್ಡ ಶಾಸನವಿದೆ, ಅದೇ ಕಥೆಯ ಶಿಲ್ಪಗಳೂ ಇವೆ. ಬಸವಣ್ಣನವರ ಕಾಲದ ಧಾರ್ಮಿಕ ಹೋರಾಟವೊಂದನ್ನು ಅಕ್ಷರದಲ್ಲೂ ಆಕೃತಿಯಲ್ಲೂ ಒಟ್ಟಿಗೆ ಓದಬಹುದಾದ ಅಪರೂಪದ ತಾಣವಿದು. ಸರ್ವಜ್ಞನ ಹೆಸರಿನೊಂದಿಗೂ ಅಬಲೂರು, ಮಾಸೂರುಗಳು ಬೆಸೆದುಕೊಂಡಿವೆ. ರಟ್ಟೀಹಳ್ಳಿ ಈಗ ಬೇರೆ ತಾಲೂಕಾಗಿದೆ. ಅಲ್ಲಿಯ ಕದಂಬೇಶ್ವರ ಮೂರು ಗರ್ಭಗುಡಿಗಳ ತ್ರಿಕೂಟ. ಮಾಸೂರ ಬಳಿ ಕುಮದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯಿದೆ. ಸಾತೇನಹಳ್ಳಿಯ ಶಾಂತೇಶನಿಗೆ ಹೋಗುವ ಭಕ್ತರು ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ ಇವರನ್ನೂ ಕೂಡಿಸಿ ಮೂವರು ಹನುಮಂತರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸುವ ಸಂಪ್ರದಾಯವಿದೆ. ಅದು ಹರಕೆಯವರ ದಾರಿ. ಶಿಲ್ಪ ನೋಡುವವರು ಅದನ್ನು ಅಬಲೂರಿನೊಂದಿಗೆ ಬೆರೆಸಬಾರದು.

ಮೂರೇ ದಿನ ರಜೆ ಇದ್ದವರು ಹಿರೇಕೆರೂರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕು. ಎರಡೇ ದಿನ ಇದ್ದವರು ಸವಣೂರನ್ನೂ ಬಿಡಬಹುದು. ಬಂಕಾಪುರದ ಮುಂಜಾನೆಯನ್ನು, ಹಾನಗಲ್ಲಿನ ಪೂರ್ತಿ ಹಗಲನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡಿಕೊಳ್ಳಬಾರದು.